ಅಡಿಕೆ ತೋಟದ ಬ್ಯಾಕ್ಟೀರಿಯಾ ಪೇಪರ್: ಹೀಗೇ ಕಳಿಸಲೋ, ಮೆಟಾಜೀನೋಮ್ ಸೇರಿಸಲೋ? ಅನುಭವ ಇದ್ದವರು ಹೇಳಿ

ಮಲೆನಾಡ ಮಣ್ಣು:
ಎಲ್ಲರಿಗೂ ನಮಸ್ಕಾರ. ಪಿಎಚ್‌ಡಿ ನಾಲ್ಕನೇ ವರ್ಷ. ಅಡಿಕೆ ಮರದ ಬುಡದ ಮಣ್ಣಿನಿಂದ 46 ಐಸೊಲೇಟ್ (ಬೇರ್ಪಡಿಸಿ ಬೆಳೆಸಿದ ಬ್ಯಾಕ್ಟೀರಿಯಾ) ತೆಗೆದಿದ್ದೇನೆ. ಅದರಲ್ಲಿ ಒಂದು ಸ್ಯೂಡೊಮೊನಾಸ್ ಅಡಿಕೆ ಕೊಳೆರೋಗ ತರುವ ಫೈಟಾಫ್ತೊರಾವನ್ನು ಲ್ಯಾಬಿನ ಪ್ಲೇಟಿನಲ್ಲಿ ಚೆನ್ನಾಗಿ ತಡೆಯುತ್ತದೆ. ಕಬ್ಬಿಣ ಹಿಡಿಯುವ ಸಿಡೆರೊಫೋರ್, ಗಿಡ ಬೆಳೆಸುವ ಹಾರ್ಮೋನ್ ಐಎಎ, ಫಾಸ್ಫೇಟ್ ಕರಗಿಸೋದು ಎಲ್ಲ ನೋಡಿಯಾಗಿದೆ. ಇಂಡಿಯನ್ ಜರ್ನಲ್ ಆಫ್ ಮೈಕ್ರೋಬಯಾಲಜಿಗೆ ಕಳಿಸೋಣ ಅಂತ ಅದರ ಈಚಿನ ಸಂಚಿಕೆಗಳನ್ನು ತಿರುವಿ ಹಾಕಿದೆ. ಮೈಕ್ರೋಬಯೋಮ್, ಔಷಧ ನಿರೋಧಕತೆ, ಬಯೋಫಿಲ್ಮ್, ನ್ಯಾನೊ. ನನ್ನದು ಅಜ್ಜನ ಕಾಲದ ಕೆಲಸ ಅನಿಸಿಬಿಟ್ಟಿತು. ಗೈಡ್ ಬೇರೆ "16ಎಸ್ ಮೆಟಾಜೀನೋಮ್ ಸೇರಿಸು" ಅಂತಾರೆ, ಅಂದರೆ 16ಎಸ್ ಎಂಬ ಜೀನ್ ಓದಿಸಿ ಮಣ್ಣಿನಲ್ಲಿ ಯಾವ್ಯಾವ ಬ್ಯಾಕ್ಟೀರಿಯಾ ಇವೆ ಅಂತ ಪಟ್ಟಿ ಮಾಡೋದು. ಕಂಟಿಂಜೆನ್ಸಿಯಲ್ಲಿ (ಸಂಶೋಧನೆಯ ಖರ್ಚಿನ ಹಣ) ಉಳಿದಿರೋದು 40 ಸಾವಿರ. ಏನು ಮಾಡಲಿ?

ಅಗಾರ್ ಸುಟ್ಟವಳು:
ನಾನು ಸೇರಿಸಿದೆ. ಕಥೆ ಕೇಳಿ. 18 ಸ್ಯಾಂಪಲ್, ಒಂದಕ್ಕೆ 5,500. ಒಟ್ಟು 99,000. ಮೇಲೆ 18% ಜಿಎಸ್‌ಟಿ, 17,820. ಐಸ್ ಬಾಕ್ಸು, ಕೊರಿಯರ್ 2,300. ಡ್ರೈ ಐಸ್ ದಾರಿಯಲ್ಲೇ ಖಾಲಿಯಾಗಿ ಎರಡು ಸ್ಯಾಂಪಲ್‌ನ ಡಿಎನ್‌ಎ ಹಾಳಾಯಿತು. ಮತ್ತೆ ಕಳಿಸಿದರೆ ಮತ್ತೆ ದುಡ್ಡು. ಆರು ವಾರ ಅಂದವರು ಹದಿನೇಳು ವಾರ ಮಾಡಿದರು. ಕೈಗೆ ಬಂದಿದ್ದು ಬಣ್ಣ ಬಣ್ಣದ ಬಾರ್ ಚಾರ್ಟು. ಅದನ್ನು ಅರ್ಥ ಮಾಡಿಕೊಳ್ಳಲು ಆರ್ ಅನ್ನೋ ಸಾಫ್ಟ್‌ವೇರ್ ಕಲಿತೆ, ಅದಕ್ಕೆ ನಾಲ್ಕು ತಿಂಗಳು.

ಪೇಪರ್ ಕಳಿಸಿದೆ. ಮೊದಲನೇ ಕಡೆ ಎರಡೇ ದಿನಕ್ಕೆ ವಾಪಸ್. ಎರಡನೇ ಕಡೆ ರಿವ್ಯೂವರ್ ಬರೆದದ್ದು: "ಇದು ವರದಿ, ಪ್ರಶ್ನೆ ಎಲ್ಲಿದೆ? ನೆಗೆಟಿವ್ ಕಂಟ್ರೋಲ್ ಎಲ್ಲಿ? ಶಾಟ್‌ಗನ್ (ಎಲ್ಲ ಡಿಎನ್‌ಎ ಓದೋದು) ಯಾಕೆ ಮಾಡಲಿಲ್ಲ?" ಆ ರಾತ್ರಿ ಹಾಸ್ಟೆಲಿನಲ್ಲಿ ಅತ್ತಿದ್ದೆ. ಯಾರು ಬದುಕಿದ್ದಾರೆ ಅಂತ 16ಎಸ್ ಹೇಳೋದಿಲ್ಲ. ಯಾರು ಏನು ಕೆಲಸ ಮಾಡ್ತಾರೆ ಅಂತಲೂ ಹೇಳೋದಿಲ್ಲ. ಬರೀ ಹಾಜರಿ ಪುಸ್ತಕ ಅದು.

ಹೊಸ ಪ್ರಭೇದ:
ಟ್ರೆಂಡ್ ಹಿಂದೆ ಓಡಿದರೆ ಹೀಗೇ ಆಗೋದು. ನಾನು ಐದು ವರ್ಷ ಒಂದೇ ಬ್ಯಾಕ್ಟೀರಿಯಾ ಹಿಡಿದುಕೊಂಡು ಕೂತೆ. 16ಎಸ್ ಹೋಲಿಕೆ 98.7%ಗಿಂತ ಕಡಿಮೆ ಬಂತು. ಪೂರ್ತಿ ಜೀನೋಮ್ ಓದಿಸಿದೆ. ಹತ್ತಿರದ ಪ್ರಭೇದದ ಜೊತೆ ಎಎನ್‌ಐ (ಎರಡು ಜೀನೋಮ್‌ಗಳ ಸರಾಸರಿ ಹೋಲಿಕೆ) 95%ರ ಗೆರೆಗಿಂತ ಚೆನ್ನಾಗಿ ಕೆಳಗಿತ್ತು. ಇನ್ನೇನು ಹೆಸರಿಡೋದಷ್ಟೇ ಅಂದುಕೊಂಡೆ.

ಅಲ್ಲೇ ಸಿಕ್ಕಿಬಿದ್ದೆ. ಹೊಸ ಪ್ರಭೇದದ ಟೈಪ್ ಸ್ಟ್ರೇನನ್ನು (ಮಾದರಿ ತಳಿ) ಎರಡು ದೇಶಗಳ ಎರಡು ಸೂಕ್ಷ್ಮಜೀವಿ ಸಂಗ್ರಹ, ಅಂದರೆ ಕಲ್ಚರ್ ಕಲೆಕ್ಷನ್‌ಗಳಲ್ಲಿ ಇಡಬೇಕು. ಯಾರು ಕೇಳಿದರೂ ಸಿಗುವ ಹಾಗಿರಬೇಕು. ಚಂಡೀಗಢದ ಎಂಟಿಸಿಸಿಯಲ್ಲಿ ಇಟ್ಟಾಯಿತು. ಹೊರದೇಶಕ್ಕೆ ಕಳಿಸಬೇಕೆಂದರೆ 2002ರ ಜೀವವೈವಿಧ್ಯ ಕಾಯ್ದೆ ಅಡ್ಡ. ನಮ್ಮ ಮಣ್ಣಿನ ಸೂಕ್ಷ್ಮಜೀವಿಯೂ ಅದರೊಳಗೆ ಬರುತ್ತದೆ ಅಂತ ಆಗಲೇ ಗೊತ್ತಾದದ್ದು. ಫಾರ್ಮು, ಪತ್ರ, ಫೋನು, ಮತ್ತೆ ಪತ್ರ. ಹನ್ನೊಂದು ತಿಂಗಳು ಹೋಯಿತು. ಕೊನೆಗೂ ಹೊಸ ಬ್ಯಾಕ್ಟೀರಿಯಾ ಹೆಸರುಗಳ ಜರ್ನಲ್ ಐಜೆಎಸ್‌ಇಎಂನಲ್ಲಿ ಬಂತು. ಇವತ್ತು ಜಗತ್ತಿನಲ್ಲಿ ಯಾರೇ ಆ ಬ್ಯಾಕ್ಟೀರಿಯಾದ ಪೂರ್ತಿ ಹೆಸರು ಬರೆದರೂ ಪಕ್ಕದಲ್ಲಿ ನನ್ನ ಹೆಸರೂ ಬರುತ್ತದೆ. ನಿಮ್ಮ ಮೈಕ್ರೋಬಯೋಮ್ ಪೇಪರಿಗೆ ಆ ಯೋಗ ಇದೆಯಾ?

ಅಗಾರ್ ಸುಟ್ಟವಳು:
ಐದು ವರ್ಷಕ್ಕೆ ಒಂದು ಹೆಸರು. ಅಷ್ಟು ಹೊತ್ತಿಗೆ ಫೆಲೋಶಿಪ್ ಮುಗಿದಿರುತ್ತೆ ಸರ್. ಮನೆ ಬಾಡಿಗೆ ಬ್ಯಾಕ್ಟೀರಿಯಾ ಕಟ್ಟಲ್ಲ.

ಧಾರವಾಡ ಪೇಡೆ:
ಅಲ್ರೀ, ನೀವೆಲ್ಲ ಫೆಲೋಶಿಪ್ ಇದ್ದವರು. ನಾನು ಖಾಸಗಿ ಕಾಲೇಜಿನಲ್ಲಿ ವಾರಕ್ಕೆ 22 ಗಂಟೆ ಪಾಠ ಮಾಡಿ, ಸಂಜೆ ಲ್ಯಾಬಿಗೆ ಹೋಗಿ ಪಿಎಚ್‌ಡಿ ಮಾಡಿದವನು. ನನಗೆ ಬೇಗ ಬೇಕಿತ್ತು. ದುಡ್ಡು ಕೊಟ್ಟು, ಯಾರು ಬೇಕಾದರೂ ಉಚಿತವಾಗಿ ಓದುವ ಹಾಗೆ ಓಪನ್ ಆಕ್ಸೆಸ್ ಮಾಡಿದೆ. ಏನು ತಪ್ಪು?

ಲೆಕ್ಕ ಬರೆದಿಟ್ಟಿದ್ದೇನೆ. ಎಪಿಸಿ, ಅಂದರೆ ಪ್ರಕಟಣೆಯ ಫೀಸು, 1,200 ಡಾಲರ್. ಬಿಲ್ಲಿನಲ್ಲೇ 18% ಜಿಎಸ್‌ಟಿ, 1,416 ಆಯಿತು. ಆವತ್ತು ಡಾಲರಿಗೆ 83, ಅಂದರೆ 1,17,528 ರೂಪಾಯಿ. ಕಾರ್ಡಿನವರು ವಿದೇಶಿ ವಹಿವಾಟು ಅಂತ 3.5% ಹಿಡಿದರು, 4,113. ಆ ಹಿಡಿದದ್ದರ ಮೇಲೆ ಮತ್ತೆ ಜಿಎಸ್‌ಟಿ, 740. ಒಟ್ಟು 1,22,381. ಕಾರ್ಡು ನನ್ನದಲ್ಲ, ಭಾವಂದು. ಅಕ್ಕನಿಗೆ ಇನ್ನೂ ಪೂರ್ತಿ ಗೊತ್ತಿಲ್ಲ.

ಇಷ್ಟಾಗಿ ಪೇಪರ್ ಬಂದ ಮೇಲೆ ಟೇಬಲ್ 2ರಲ್ಲಿ ಅವರೇ ಒಂದು ಸಾಲು ಬಿಟ್ಟಿದ್ದರು. ತಿದ್ದಿಸಲು ಒಂಬತ್ತು ಮೇಲ್ ಬರೆದೆ.

ಹೊಸ ಪ್ರಭೇದ:
ತಪ್ಪು ಅಂತ ಯಾರು ಅಂದರು? ಆದರೆ 2023ರಲ್ಲಿ ಹಿಂದಾವಿ ಪ್ರಕಾಶನದ ಜರ್ನಲ್‌ಗಳಿಂದ 8,000ಕ್ಕೂ ಜಾಸ್ತಿ ಪೇಪರ್ ಹಿಂತೆಗೆದರಲ್ಲ, ಅದೆಲ್ಲ ಎಪಿಸಿ ತಗೊಳ್ಳುವ ಜರ್ನಲ್‌ಗಳೇ.

ಧಾರವಾಡ ಪೇಡೆ:
ನನ್ನದು ಅಲ್ಲಿ ಬಂದಿಲ್ರೀ! ಸುಮ್ನೆ ಯಾಕೆ ಎಲ್ಲರಿಗೂ ಮಸಿ ಬಳಿಯುತ್ತೀರಿ? ಎಂಬಯೋ ಜರ್ನಲ್ ಶುರುವಾಗಿದ್ದೇ ಓಪನ್ ಆಕ್ಸೆಸ್ ಆಗಿ, 2010ರಲ್ಲಿ. ಅದನ್ನು ನಡೆಸೋದು ಅಮೆರಿಕದ ಮೈಕ್ರೋಬಯಾಲಜಿ ಸೊಸೈಟಿ. ಅಲ್ಲೂ ಫೀಸಿದೆ. ಅದೂ ಅಂಗಡಿಯಾ?

ಐಸೊಲೇಟ್ 312:
ನಾನು ಮೆಡಿಕಲ್ ಕಾಲೇಜಿನವಳು. ಔಷಧ ನಿರೋಧಕತೆ ಮೇಲೆ ಬರೆದರೆ ಎಲ್ಲರೂ ತಗೊಳ್ತಾರೆ ಅಂದುಕೊಂಡಿದ್ದೀರಲ್ಲ, ಆ ಭ್ರಮೆ ಬಿಡಿ. ನಮ್ಮ ಆಸ್ಪತ್ರೆಯ 312 ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ, ಎರಡು ವರ್ಷದ ಡೇಟಾ. ಕಾರ್ಬಪೆನೆಮ್ ಆಂಟಿಬಯೋಟಿಕ್‌ಗೆ ಬಗ್ಗದ್ದು ಎಷ್ಟು ಅಂತ ಬರೆದೆ. ಡಬ್ಲ್ಯುಎಚ್‌ಒ 2024ರ ಅಪಾಯಕಾರಿ ಬ್ಯಾಕ್ಟೀರಿಯಾ ಪಟ್ಟಿಯಲ್ಲಿ ಅದು ಮೇಲಿನ ಸಾಲಿನಲ್ಲೇ ಇದೆ, ಆದ್ದರಿಂದ ಬೇಗ ತಗೊಳ್ತಾರೆ ಅಂತ ಧೈರ್ಯ. ಮೂರು ಜರ್ನಲ್ ಒಂದೇ ಮಾತು ಹೇಳಿದವು: "ಸ್ಥಳೀಯ ಆಸಕ್ತಿಯದು." ಎನ್‌ಡಿಎಂ ಅನ್ನೋ ನಿರೋಧಕತೆಯ ಜೀನ್ ಇದೆಯಾ ನೋಡು, ಸೀಕ್ವೆನ್ಸ್ ಮಾಡು ಅಂದರು. ಯಾವ ದುಡ್ಡಿನಲ್ಲಿ? ಪಿಸಿಆರ್ ಪ್ರೈಮರ್‌ಗೇ ನನ್ನ ಸಂಬಳದಿಂದ 14 ಸಾವಿರ ಹಾಕಿದೆ. ಮೇಲೆ ಎಥಿಕ್ಸ್ ಸಮಿತಿಯ ಅನುಮತಿ ಪತ್ರದಲ್ಲಿ ತಾರೀಖು ಒಂದು ವಾರ ತಡವಾಗಿತ್ತು ಅಂತ ಪೂರ್ತಿ ಪೇಪರ್ ನಿಂತಿತು.

ಮಲೆನಾಡ ಮಣ್ಣು:
ಎಲ್ಲರಿಗೂ ಧನ್ಯವಾದ. ಆದರೆ ನನ್ನ 40 ಸಾವಿರದ ಪ್ರಶ್ನೆ?

ಹಾಸನದ ಮೇಷ್ಟ್ರು:
ಪೇಪರ್ ಯಾಕಮ್ಮಾ ಬೇಕು ನಿನಗೆ? 2022ರ ನವೆಂಬರ್‌ನಲ್ಲಿ ಬಂದ ಯುಜಿಸಿ ನಿಯಮದಲ್ಲಿ ಥೀಸಿಸ್ ಕೊಡಲು ಪೇಪರ್ ಕಡ್ಡಾಯ ಅಲ್ಲ. ಬರೆದು ಕೊಟ್ಟು ಆಚೆ ಬಾ.

ಅಗಾರ್ ಸುಟ್ಟವಳು:
ಮೇಷ್ಟ್ರೇ, ನಿಯಮ ದೆಹಲಿಯಲ್ಲಿ ಇರುತ್ತೆ. ಸೈನ್ ಗೈಡ್ ಕೈಯಲ್ಲಿ ಇರುತ್ತೆ.

ಧಾರವಾಡ ಪೇಡೆ:
ಯುಜಿಸಿಯ ಒಪ್ಪಿತ ಜರ್ನಲ್ ಪಟ್ಟಿ ಕೇರ್ ಲಿಸ್ಟ್ ಕಥೆಯೂ ಹಾಗೇ ಆಯಿತಲ್ಲ. 2019ರಿಂದ ಆ ಪಟ್ಟಿಯಲ್ಲಿ ಇದೆಯಾ ಅಂತ ನೋಡಿ ನೋಡಿ ಕಣ್ಣು ಹೋಯಿತು. ನನ್ನ ಮೊದಲ ಪೇಪರ್ ಅದಕ್ಕೆಂದೇ ಒಂದು ಬಡ ಜರ್ನಲ್‌ಗೆ ಹಾಕಿದೆ. 2025ರ ಫೆಬ್ರವರಿಯಲ್ಲಿ ಪಟ್ಟಿಯನ್ನೇ ನಿಲ್ಲಿಸಿದರು. ಯಾರಿಗೆ ಹೇಳೋಣ?

ಹಾಸನದ ಮೇಷ್ಟ್ರು:
ಈಗಿನವರಿಗೆ ಬರೀ ಅಳು. ನಾವು ಲೈಬ್ರರಿಗೆ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಜರ್ನಲ್ ಜೆರಾಕ್ಸ್ ಮಾಡಿಸುತ್ತಿದ್ದೆವು. ನಿಮಗೆ ಒಂದು ದೇಶ ಒಂದು ಚಂದಾ ಅಂತ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ಇಟ್ಟಿದೆ. ಸುಮಾರು 13,000 ಜರ್ನಲ್. ಕೂತಲ್ಲೇ ಓದಬಹುದು.

ಧಾರವಾಡ ಪೇಡೆ:
ಅದು ಸರ್ಕಾರಿ ಸಂಸ್ಥೆಗಳಿಗೆ ಸರ್. ನನ್ನ ಕಾಲೇಜಿನಲ್ಲಿ ತೆರೆದರೆ ಇವತ್ತಿಗೂ "ಈ ಲೇಖನ ಕೊಳ್ಳಿ" ಅಂತಲೇ ಬರ್ತದೆ.

ಹೊಸ ಪ್ರಭೇದ:
ಮೇಷ್ಟ್ರಿಗೆ ಪೇಪರ್ ಎಷ್ಟಿವೆ ಅಂತ ಕೇಳಬಹುದಾ?

ಹಾಸನದ ಮೇಷ್ಟ್ರು:
ಎಣಿಸಿಕೊಂಡು ಕೂತಿಲ್ಲ. ಮಕ್ಕಳಿಗೆ ಗ್ರಾಮ್ ಸ್ಟೇನ್ ಸರಿಯಾಗಿ ಕಲಿಸಿದ್ದೇನೆ. ನಿಮಗೆ ಬರುತ್ತಾ?

ತೋಟದವರು:
ನಾನು ಸಂಶೋಧನೆಯವನಲ್ಲ, ಮಗಳು ಈ ಪುಟ ತೋರಿಸಿದಳು. ತೀರ್ಥಹಳ್ಳಿ ಕಡೆ ನಾಲ್ಕು ಎಕರೆ ತೋಟ. ತಂಗೀ, ನಿನ್ನ ಬ್ಯಾಕ್ಟೀರಿಯಾ ಮರದ ಮೇಲೆ ಕೆಲಸ ಮಾಡ್ತದಾ? ಸ್ಯೂಡೊಮೊನಾಸ್ ಪುಡಿ ಅಂಗಡಿಯಲ್ಲಿ ಈಗಲೇ ಸಿಗ್ತದೆ. ಎರಡು ವರ್ಷ ತಂದು ಹಾಕಿದೆ. ಕೊಳೆ ನಿಲ್ಲಲಿಲ್ಲ. ಹೋದ ಮಳೆಗಾಲ ಬೋರ್ಡೋ ಮೂರು ಸಲ ಹೊಡೆಸಿದೆ. ನೂರು ಲೀಟರಿಗೆ ಮೈಲುತುತ್ತು ಒಂದು ಕೆಜಿ, ಸುಣ್ಣ ಒಂದು ಕೆಜಿ. ಮೈಲುತುತ್ತಿನ ದರಕ್ಕಿಂತ ಮರ ಹತ್ತಿ ಹೊಡೆಯುವ ಕೊನೆಗಾರ ಸಿಗೋದೇ ಕಷ್ಟ. ಸಿಕ್ಕ ದಿನ ಮಳೆ.

ಹೊಸ ಪ್ರಭೇದ:
ಯಜಮಾನ್ರೇ, ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಕೋಲ್ಮನ್ 1910ರಲ್ಲೇ ಬರೆದಿದ್ದಾರೆ. ಬೋರ್ಡೋ ಹೊಡೆಯಿರಿ ಅಂತ ಹೇಳಿದ್ದೂ ಅವರೇ. ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್ ದರ್ಜೆಯ ಅಂಕ) ಇಲ್ಲದ ಸರ್ಕಾರಿ ಬುಲೆಟಿನ್.

ತೋಟದವರು:
ಹೌದಾ. ಇನ್ನೂ ಅದನ್ನೇ ಹೊಡೀತಾ ಇದ್ದೇವಲ್ಲ ಮತ್ತೆ.

ಮಲೆನಾಡ ಮಣ್ಣು:
ಅಣ್ಣಾ, ಸತ್ಯ ಹೇಳ್ತೇನೆ. ಮರದ ಮೇಲೆ ನೋಡಿಲ್ಲ. ಪ್ಲೇಟಿನಲ್ಲಿ ಮಾತ್ರ.

ಐಸೊಲೇಟ್ 312:
ಹಾಗಾದರೆ ಅದೇ ನಿನ್ನ ಪೇಪರಿನ ತೂತು ಕಣಮ್ಮ. ಮೆಟಾಜೀನೋಮ್ ಅಲ್ಲ. ಪ್ಲೇಟಿನಲ್ಲಿ ತಡೆಯೋದು ಸಾವಿರ ಸಿಗುತ್ತೆ. ಇದನ್ನು ಮೊದಲ ಸಾಲಿನಲ್ಲೇ ಯಾರಾದರೂ ಹೇಳಬೇಕಿತ್ತು. ನಾನೂ ಹೇಳಲಿಲ್ಲ, ನನ್ನ 312ರ ಗೋಳಿನಲ್ಲಿ ಮರೆತೆ.

ತೋಟದವರು:
ಇಪ್ಪತ್ತು ಮರ ಬಿಟ್ಟುಕೊಡ್ತೇನೆ. ಹತ್ತಕ್ಕೆ ನಿನ್ನದು ಹೊಡೆ, ಹತ್ತಕ್ಕೆ ಬರೀ ನೀರು. ಆದರೆ ಕೊನೆಗಾರನ ಕೂಲಿ ನಿನ್ನದು, ಮೊದಲೇ ಹೇಳ್ತೇನೆ. ಮಳೆಗಾಲದ ಮುಂಚೆ ಬಾ.

ಮಲೆನಾಡ ಮಣ್ಣು:
ಎಷ್ಟಾಗಬಹುದು ಅಣ್ಣಾ ಕೂಲಿ? ಕಂಟಿಂಜೆನ್ಸಿಗೆ ಬಿಲ್ಲು ಬೇಕು.

ಧಾರವಾಡ ಪೇಡೆ:
ಕೊನೆಗಾರ ಬಿಲ್ಲು ಕೊಡ್ತಾನೇನ್ರೀ! ಅಂದ ಹಾಗೆ, ಎಪಿಸಿ ಮೇಲೆ ಕಟ್ಟಿದ ಜಿಎಸ್‌ಟಿ ವಾಪಸ್ ಪಡೆದವರು ಯಾರಾದರೂ ಇದ್ದೀರಾ ಇಲ್ಲಿ?