ಅವಳಿ ಮಕ್ಕಳಾಗಿ ಏಳು ತಿಂಗಳಾಯ್ತು, ಹೊಟ್ಟೆ ಇನ್ನೂ ಒಳಗೆ ಹೋಗ್ತಾ ಇಲ್ಲ, ಎಂತ ಮಾಡುದು?

ಸುರತ್ಕಲ್ ಅಮ್ಮ:

ಎಲ್ಲರಿಗೂ ನಮಸ್ಕಾರ. ನಂಗೆ ಅವಳಿ ಮಕ್ಕಳು, ಒಂದು ಹೆಣ್ಣು ಒಂದು ಗಂಡು, ಸಿಸೇರಿಯನ್ ಆದದ್ದು, ಈಗ ಮಕ್ಕಳಿಗೆ ಏಳು ತಿಂಗಳು ತುಂಬಿತು. ತೂಕ ಹೆಚ್ಚುಕಮ್ಮಿ ಮೊದಲಿನಷ್ಟಕ್ಕೇ ಬಂದಿದೆ, ಕೈಕಾಲು ಮುಖ ಎಲ್ಲ ಸಪೂರ ಆಗಿದೆ, ಆದ್ರೆ ಹೊಟ್ಟೆ ಮಾತ್ರ ಐದಾರು ತಿಂಗಳ ಬಸುರಿಯದ್ದು ಥರ ಮುಂದೆ ಬಂದೇ ಉಂಟು. ಬೆಳಿಗ್ಗೆ ಸ್ವಲ್ಪ ಕಮ್ಮಿ ಕಾಣ್ತದೆ, ಸಂಜೆ ಆಗುವಾಗ ಉಬ್ಬಿ ಟಾಪ್ ಎಲ್ಲ ಟೈಟ್. ಮಲಗಿದಲ್ಲಿಂದ ಏಳುವಾಗ ಹೊಕ್ಕುಳಿನ ಮೇಲೆ ಕೆಳಗೆ ಉದ್ದಕ್ಕೆ ಒಂದು ದಿಣ್ಣೆ ಎದ್ದು ನಿಲ್ತದೆ, ಅದರ ನಡುವೆ ಒತ್ತಿದ್ರೆ ಬೆರಳು ಒಳಗೆ ಹೋಗ್ತದೆ, ನೋಡಿ ಹೆದರಿಕೆಯೇ ಆಯ್ತು ನಂಗೆ. ಸೊಂಟನೋವಂತೂ ಯಾವಾಗ್ಲೂ. ಮತ್ತೆ ಕೆಮ್ಮಿದ್ರೆ ಸೀನಿದ್ರೆ ಒಂದೆರಡು ಹನಿ ಮೂತ್ರ ಹೋಗ್ತದೆ, ಇದನ್ನು ಯಾರ ಹತ್ರ ಹೇಳುದು ಅಂತಾನೇ ಗೊತ್ತಾಗ್ಲಿಲ್ಲ.

ಮೊನ್ನೆ ಮೂಲ್ಕಿಯಲ್ಲಿ ಒಂದು ಮದುವೆಗೆ ಹೋದಾಗ ಊಟಕ್ಕೆ ಕೂತಲ್ಲೇ ಒಬ್ಬರು ಇಷ್ಟು ಬೇಗ ಇನ್ನೊಂದಾ ಅಂತ ಕೇಳಿದ್ರು, ಅವರಿಗೆ ಕೆಟ್ಟ ಮನಸ್ಸಿಲ್ಲ ಗೊತ್ತು, ಆದ್ರೂ ಆಮೇಲೆ ಊಟ ಸೇರ್ಲಿಲ್ಲ. ಅಮ್ಮ ಹೇಳುದು ಬಾಣಂತನದಲ್ಲಿ ಹೊಟ್ಟೆ ಗಟ್ಟಿ ಕಟ್ಟಲಿಲ್ಲ ಅಂತ, ಅತ್ತೆ ಹೇಳುದು ನೀರು ಜಾಸ್ತಿ ಕುಡಿದದ್ದು ಅಂತ, ಫ್ರೆಂಡ್ ಹೇಳುದು ದಿನಾ ನೂರು ಕ್ರಂಚಸ್, ಅದೇ ಮಲಗಿ ತಲೆ ಭುಜ ಎತ್ತುವ ವ್ಯಾಯಾಮ, ಹೊಡಿ ಅಂತ. ಯಾರದ್ದು ಕೇಳುದು? ಬೆಲ್ಟ್ ಹಾಕಿದ್ರೆ ಪ್ರಯೋಜನ ಉಂಟಾ? ಮಂಗಳೂರಲ್ಲಿ ಇದಕ್ಕೆ ಯಾರಿಗೆ ತೋರಿಸುದು? ಅವಳಿ ಆದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಉಡುಪಿ ಅಕ್ಕ:

ತಂಗಿ, ನೀವು ಬರೆದದ್ದು ಓದುವಾಗ ನನ್ನದೇ ಕಥೆ ಅನ್ನಿಸ್ತು. ನನ್ನ ಅವಳಿ ಹೆಣ್ಣುಮಕ್ಕಳು ಈಗ ಶಾಲೆಗೆ ಹೋಗ್ತಾರೆ. ಮೊದಲು ಒಂದು ಮಾತು ತಲೆಯಲ್ಲಿ ಇಟ್ಕೊಳ್ಳಿ, ಅದು ಬೊಜ್ಜು ಅಲ್ಲ. ತೂಕ ಇಳಿದು ಕೈಕಾಲು ಸಪೂರ ಆಗಿ ಹೊಟ್ಟೆ ಮಾತ್ರ ಉಳಿದಿದೆ, ಏಳುವಾಗ ನಡುವಲ್ಲಿ ದಿಣ್ಣೆ ಬರ್ತದೆ ಅಂದ್ರೆ ಹೊಟ್ಟೆಯ ಎರಡು ಬದಿಯ ಸ್ನಾಯು ದೂರ ಹೋಗಿ ನಡುವೆ ಗ್ಯಾಪ್ ಆಗಿರುವ ಸಾಧ್ಯತೆ ಜಾಸ್ತಿ. ಅವಳಿ ಬಸುರಿಗೆ ಎಂಟನೇ ತಿಂಗಳಲ್ಲೇ ಹೊಟ್ಟೆ ಒಂದೇ ಮಗುವಿನ ತುಂಬು ತಿಂಗಳಿನಷ್ಟು ಆಗಿರ್ತದೆ, ಅದರ ಮೇಲೆ ಮತ್ತೂ ಬೆಳೀಬೇಕು, ಚರ್ಮ ಸ್ನಾಯು ಎಲ್ಲ ಎಷ್ಟು ಹಿಗ್ಗಿರಬಹುದು ನೀವೇ ಯೋಚನೆ ಮಾಡಿ. ಹೊಟ್ಟೆ ಕಟ್ಟಲಿಲ್ಲ ಅಂತ, ನೀರು ಕುಡಿದೆ ಅಂತ ನಿಮ್ಮ ಮೇಲೆ ತಪ್ಪು ಹಾಕ್ಕೊಳ್ಬೇಡಿ.

ನಂಗೆ ಫಿಸಿಯೋ ಹತ್ರ ಹೋದ ಮೇಲೆ ಮೊದಲು ಕಮ್ಮಿ ಆದದ್ದು ಸೊಂಟನೋವು, ಆಮೇಲೆ ಮೂತ್ರ ಹೋಗುದು ನಿಂತಿತು, ಹೊಟ್ಟೆಯ ಆಕಾರ ಬದಲಾದದ್ದು ಎಲ್ಲದಕ್ಕಿಂತ ಕೊನೆಗೆ. ಈ ಕ್ರಮ ಯಾಕೆ ಹೇಳುದು ಅಂದ್ರೆ ದಿನಾ ಕನ್ನಡಿ ಮಾತ್ರ ನೋಡಿದ್ರೆ ಏನೂ ಆಗ್ತಾ ಇಲ್ಲ ಅಂತ ಅನ್ನಿಸಿ ಅರ್ಧಕ್ಕೆ ಬಿಟ್ಟುಬಿಡ್ತೇವೆ, ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ಸುಸ್ತು ಕಮ್ಮಿ ಆಯ್ತಾ, ನೆಲದಿಂದ ಏಳುದು ಸುಲಭ ಆಯ್ತಾ ಅಂತ ನೋಡಿ. ಹೊಕ್ಕುಳಿನ ಸುತ್ತ ಚರ್ಮ ಸುಕ್ಕು ನಂಗೆ ಈಗಲೂ ಉಂಟು, ಅದು ವ್ಯಾಯಾಮದಿಂದ ಹೋಗುದಿಲ್ಲ. ಸೀರೆ ಉಡುವಾಗ ಕಾಣ್ತದೆ, ಕಾಣ್ಲಿ.

ಫಿಸಿಯೋ ಕಂಕನಾಡಿ:

ನಾನು ಫಿಸಿಯೋಥೆರಪಿಸ್ಟ್, ಬಾಣಂತಿಯರನ್ನೇ ಜಾಸ್ತಿ ನೋಡುದು, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೇನೆ.

ಎದೆಗೂಡಿನಿಂದ ಕೆಳಗೆ ಕಿಬ್ಬೊಟ್ಟೆಯ ಮೂಳೆಯವರೆಗೆ ಎಡಕ್ಕೊಂದು ಬಲಕ್ಕೊಂದು ಸ್ನಾಯು ಇಳಿದು ಬರ್ತದೆ, ರೆಕ್ಟಸ್ ಅಬ್ಡಾಮಿನಿಸ್ ಅಂತ, ಎರಡನ್ನೂ ನಡುವಲ್ಲಿ ಜೋಡಿಸುದು ಲೀನಿಯಾ ಆಲ್ಬಾ ಅನ್ನುವ ಪಟ್ಟಿ. ಬಸುರಲ್ಲಿ ಸ್ನಾಯು ಹರಿಯುದಿಲ್ಲ, ಈ ಪಟ್ಟಿ ಹಿಗ್ಗಿ ತೆಳ್ಳಗಾಗ್ತದೆ. ಅದಕ್ಕೇ ಡಯಾಸ್ಟಾಸಿಸ್ ರೆಕ್ಟೈ ಅನ್ನುದು. ಸಿಸೇರಿಯನ್‌ನಲ್ಲೂ ಸಾಮಾನ್ಯವಾಗಿ ಈ ಸ್ನಾಯುವನ್ನು ಕತ್ತರಿಸುದಿಲ್ಲ, ನಡುವಿಂದ ಎರಡು ಬದಿಗೆ ಸರಿಸಿ ಒಳಗೆ ಹೋಗುದು, ಹಾಗಾಗಿ ಸಿಸೇರಿಯನ್ ಆದವರಿಗೆ ಹೊಟ್ಟೆಗೆ ಶಕ್ತಿ ವಾಪಸ್ ಬರುದೇ ಇಲ್ಲ ಅನ್ನುದು ಸುಳ್ಳು. ನಾರ್ವೆಯಲ್ಲಿ 300 ಚೊಚ್ಚಲ ತಾಯಂದಿರನ್ನು ನೋಡಿ 2016ರಲ್ಲಿ ಒಂದು ಅಧ್ಯಯನ ಬಂದಿತ್ತು, ಹೆರಿಗೆಯಾಗಿ 6 ವಾರಕ್ಕೆ ಶೇ. 60 ಜನರಲ್ಲಿ ಗ್ಯಾಪ್ ಇತ್ತು, 6 ತಿಂಗಳಿಗೆ ಸುಮಾರು ಶೇ. 45, ಒಂದು ವರ್ಷಕ್ಕೂ ಸುಮಾರು ಶೇ. 33. ಅಂದ್ರೆ ಏಳು ತಿಂಗಳಿಗೆ ನಿಮಗೆ ಇದ್ದದ್ದು ಅಪರೂಪ ಅಲ್ಲವೇ ಅಲ್ಲ, ಅವಳಿ ಮಕ್ಕಳಾದವರಿಗೆ ಇನ್ನೂ ಸಮಯ ಬೇಕು.

ಮನೆಯಲ್ಲೇ ನೋಡುದು ಹೇಗೆ ಅಂದ್ರೆ ಅಂಗಾತ ಮಲಗಿ ಮೊಣಕಾಲು ಮಡಚಿ, ಬೆರಳುಗಳನ್ನು ಜೋಡಿಸಿ ಹೊಕ್ಕುಳಿನ ಮೇಲೆ ಇಡಿ, ಬೆರಳ ತುದಿ ಕಾಲಿನ ಕಡೆಗೆ. ಉಸಿರು ಬಿಡ್ತಾ ತಲೆ ಮತ್ತೆ ಭುಜ ಸ್ವಲ್ಪ ಮಾತ್ರ ಎತ್ತಿ, ಆಗ ಎರಡು ಬದಿಯಿಂದ ಸ್ನಾಯುವಿನ ಅಂಚು ಬೆರಳಿಗೆ ಸಿಗ್ತದೆ, ನಡುವೆ ಎಷ್ಟು ಬೆರಳು ಹಿಡೀತದೆ ನೋಡಿ. ಹೊಕ್ಕುಳಿಂದ ನಾಲ್ಕು ಬೆರಳು ಮೇಲೆ, ನಾಲ್ಕು ಬೆರಳು ಕೆಳಗೆ ಕೂಡ ನೋಡಿ. ಎರಡು ಬೆರಳಿಗಿಂತ ಜಾಸ್ತಿ ಇದ್ರೆ ತೋರಿಸ್ಬೇಕು. ಅಗಲಕ್ಕಿಂತ ನಾವು ಹೆಚ್ಚು ಲಕ್ಷ್ಯ ಕೊಡುದು ಬೆರಳಿನ ಅಡಿಯಲ್ಲಿ ಗಟ್ಟಿ ಸಿಗ್ತದಾ ಅಥವಾ ಮೆತ್ತಗೆ ಒಳಗೆ ಇಳೀತದಾ ಅನ್ನುದಕ್ಕೆ. ಎರಡು ಬೆರಳು ಗ್ಯಾಪ್ ಇದ್ರೂ ಪಟ್ಟಿ ಬಿಗಿ ಇದ್ರೆ ಹೊಟ್ಟೆ ಚೆನ್ನಾಗಿ ಕೆಲಸ ಮಾಡ್ತದೆ.

ವ್ಯಾಯಾಮ ಉಸಿರಿನಿಂದಲೇ ಶುರು ಮಾಡಿ. ಹಾಗೇ ಮಲಗಿ, ಮೂಗಲ್ಲಿ ಉಸಿರು ತಗೊಂಡು ಪಕ್ಕೆಲುಬು ಅಗಲ ಆಗ್ಲಿ, ಬಾಯಲ್ಲಿ ನಿಧಾನ ಬಿಡುವಾಗ ಮೂತ್ರ ಮತ್ತೆ ಗ್ಯಾಸ್ ಎರಡನ್ನೂ ತಡೆಹಿಡಿದ ಹಾಗೆ ಕೆಳಗಿನಿಂದ ಮೇಲಕ್ಕೆ ಎಳ್ಕೊಳ್ಳಿ, ಕಿಬ್ಬೊಟ್ಟೆ ತಾನೇ ಬೆನ್ನಿನ ಕಡೆಗೆ ಹೋಗ್ತದೆ. ಅಲ್ಲಿ ಕೆಲಸ ಮಾಡುದು ಟ್ರಾನ್ಸ್‌ವರ್ಸಸ್ ಅನ್ನುವ ಒಳಗಿನ ಸ್ನಾಯು ಮತ್ತೆ ಪೆಲ್ವಿಕ್ ಫ್ಲೋರ್, ಅಂದ್ರೆ ಮೂತ್ರಕೋಶ ಗರ್ಭಕೋಶಕ್ಕೆ ಅಡಿಯಿಂದ ಆಧಾರ ಕೊಡುವ ಸ್ನಾಯುಗಳು. ಹನಿ ಮೂತ್ರಕ್ಕೂ ಇದೇ ಔಷಧಿ, ಪೆಲ್ವಿಕ್ ಫ್ಲೋರ್ ವ್ಯಾಯಾಮ ಒಂದು ಸಲಕ್ಕೆ 8ರ ಹಾಗೆ ದಿನಕ್ಕೆ 3 ಸಲ, ಕಮ್ಮಿ ಅಂದ್ರೂ 3 ತಿಂಗಳು ಬಿಡದೆ ಮಾಡ್ಬೇಕು. ಮೂತ್ರ ಮಾಡುವಾಗಲೇ ನಿಲ್ಲಿಸಿ ನಿಲ್ಲಿಸಿ ಪ್ರಾಕ್ಟೀಸ್ ಮಾಡ್ಬೇಡಿ, ಅದು ಒಳ್ಳೇದಲ್ಲ. ಇದು ಸರಿಯಾಗಿ ಬಂದ ಮೇಲೆ ಮಲಗಿದಲ್ಲೇ ಒಂದೊಂದು ಹಿಮ್ಮಡಿ ಮುಂದೆ ಜಾರಿಸಿ ವಾಪಸ್ ತರುದು, ಸೊಂಟ ಎತ್ತುವ ಬ್ರಿಡ್ಜ್, ನಾಲ್ಕು ಕಾಲಲ್ಲಿ ನಿಂತು ಎದುರುಬದುರು ಕೈಕಾಲು ಚಾಚುದು, ಆಮೇಲೆ ಗೋಡೆಗೆ ಕೈ ಕೊಟ್ಟು ಮೈ ನೇರ ಹಿಡಿದು ನಿಲ್ಲುವ ಪ್ಲಾಂಕ್, ಆಮೇಲೆ ಅಡುಗೆಮನೆ ಕಟ್ಟೆಗೆ, ಕೊನೆಗೆ ನೆಲಕ್ಕೆ.

ಕ್ರಂಚಸ್ ಜನ್ಮದಲ್ಲೇ ಮಾಡ್ಬಾರ್ದು ಅಂತ ನಾನು ಹೇಳುದಿಲ್ಲ. ಆದ್ರೆ ಯಾವ ವ್ಯಾಯಾಮವೇ ಆಗ್ಲಿ ಮಾಡುವಾಗ ಆ ದಿಣ್ಣೆ ಎದ್ದು ನಿಂತ್ರೆ, ಉಸಿರು ಕಟ್ಟಿದ್ರೆ, ಕೆಳಗೆ ಭಾರ ಬಂದ ಹಾಗೆ ಆದ್ರೆ, ಅದು ಈಗ ನಿಮಗೆ ಜಾಸ್ತಿ ಆಯ್ತು ಅಂತ ಅರ್ಥ, ಒಂದು ಮೆಟ್ಟಿಲು ಹಿಂದೆ ಬನ್ನಿ. ದಿನಾ ನೂರು ಹೊಡೆಯುದು ಈಗ ಬೇಡವೇ ಬೇಡ.

ಕಾಪು ದೊಡ್ಡಮ್ಮ:

ಮಗಳೇ, ನಾನು ಎಷ್ಟೋ ಬಾಣಂತನ ಮಾಡಿದವಳು, ನಿನ್ನ ಅಮ್ಮ ಅತ್ತೆ ಹೇಳುದು ಪ್ರೀತಿಯಿಂದಲೇ, ಆದ್ರೆ ನೀರಿನ ವಿಷಯ ಮಾತ್ರ ಕೇಳ್ಬೇಡ. ನಮ್ಮ ಕಾಲದಲ್ಲಿ ಬಾಣಂತಿಗೆ ನೀರು ಕೊಟ್ರೆ ಹೊಟ್ಟೆ ಬರ್ತದೆ ಅಂತ ನಾಲಿಗೆ ಒಣಗಿಸ್ತಿದ್ರು. ಎರಡು ಮಕ್ಕಳಿಗೆ ಹಾಲು ಕೊಡುವವಳಿಗೆ ಬಾಯಾರಿಕೆ ಆಗದೆ ಇರ್ತದಾ? ನೀರು ಕಮ್ಮಿ ಆದ್ರೆ ಮಲ ಗಟ್ಟಿ ಆಗಿ ಮುಕ್ಕುದು, ಆ ಮುಕ್ಕುದೇ ಹೊಟ್ಟೆಗೂ ಕೆಳಗಿನ ಭಾಗಕ್ಕೂ ಕೇಡು.

ಹಳೆ ಸೀರೆಯಲ್ಲಿ ಹೊಟ್ಟೆ ಕಟ್ಟುದು ನಾವೂ ಮಾಡಿದ್ದು, ಸಿಸೇರಿಯನ್ ಆದ ಹೊಸತರಲ್ಲಿ ಎದ್ದು ನಡೆಯುವಾಗ ಒಂದು ಆಧಾರ, ಆರಾಮ ಅನ್ನಿಸ್ತದೆ. ಅದಕ್ಕೆ ಮಾತ್ರ ಅದು. ಉಸಿರಾಡ್ಲಿಕ್ಕೆ ಆಗದ ಹಾಗೆ ಬಿಗಿದು ಕಟ್ಟುದು ನಂಗೆ ಆಗಲೂ ಸೇರ್ತಿರಲಿಲ್ಲ. ಊಟ ಮಾತ್ರ ಕಮ್ಮಿ ಮಾಡ್ಬೇಡ ಹೊಟ್ಟೆ ಇಳೀಲಿ ಅಂತ. ಕುಚ್ಚಲಕ್ಕಿ ಗಂಜಿ ಚಟ್ನಿ ಮಾತ್ರ ತಿಂದ್ರೆ ಸಾಲ್ದು, ಹುರುಳಿ ಸಾರು, ಹೆಸರುಕಾಳು, ಮೊಟ್ಟೆ, ಮೀನು ತಿನ್ನುದಾದ್ರೆ ಬೂತಾಯಿ ಬಂಗುಡೆ, ಬಸಳೆ, ನುಗ್ಗೆಸೊಪ್ಪು ಎಲ್ಲ ತಿನ್ನು. ಹುರಿದದ್ದಕ್ಕಿಂತ ಹುಳಿಖಾರ ಹಾಕಿ ಪುಳಿಮುಂಚಿ ಮಾಡಿದ್ರೆ ಒಳ್ಳೇದು. ಮತ್ತೆ ಮದುವೆ ಮನೆಯಲ್ಲಿ ಹಾಗೆ ಕೇಳಿದವರಿಗೆ ಅವಳಿ ಮಕ್ಕಳು ಏಳು ತಿಂಗಳು ಅಂತ ತಲೆ ಎತ್ತಿ ಹೇಳು, ನಾಚಿಕೆ ಎಂತಕ್ಕೆ.

ಫಿಸಿಯೋ ಕಂಕನಾಡಿ:

ದೊಡ್ಡಮ್ಮ ಹೇಳಿದ್ದು ನೂರಕ್ಕೆ ನೂರು. ಬೆಲ್ಟ್ ವಿಷಯಕ್ಕೂ ಅದೇ ಉತ್ತರ, ಬಲೂನಿನ ನಡು ಅದುಮಿದ್ರೆ ಗಾಳಿ ಮೇಲಕ್ಕೋ ಕೆಳಕ್ಕೋ ಹೋಗ್ಲೇಬೇಕು, ಹಾಗೇ ಬೆಲ್ಟ್ ಅತಿ ಬಿಗಿ ಆದ್ರೆ ಒತ್ತಡ ಪೆಲ್ವಿಕ್ ಫ್ಲೋರ್ ಮೇಲೆ ಬೀಳ್ತದೆ, ಮೊದಲೇ ಮೂತ್ರ ಹೋಗುವವರಿಗೆ ಇನ್ನೂ ತೊಂದರೆ. ಏಳು ತಿಂಗಳಲ್ಲಿ ಬೆಲ್ಟಿನಿಂದ ಗ್ಯಾಪ್ ಮುಚ್ಚುದಿಲ್ಲ. ಊಟದ್ದು ಕೂಡ, ಒಂದು ಮಗುವಿಗೆ ಎದೆಹಾಲು ಕೊಡುವವರಿಗೇ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುದು, ನಿಮ್ಮದು ಎರಡು. ಹಿಮೋಗ್ಲೋಬಿನ್ ಒಮ್ಮೆ ಚೆಕ್ ಮಾಡಿಸಿ.

ಮಣಿಪಾಲ ಅಪ್ಪ:

ಗಂಡಸು ಇಲ್ಲಿ ಬರೀಬಹುದಾ ಗೊತ್ತಿಲ್ಲ, ನಮಗೂ ಅವಳಿ, ಗಂಡುಮಕ್ಕಳು. ವ್ಯಾಯಾಮ ಎಂತ ಮಾಡ್ಬೇಕು ಅಂತ ಎಲ್ಲರೂ ಹೇಳ್ತಾರೆ, ಅದಕ್ಕೆ ಟೈಮ್ ಯಾರು ಕೊಡುದು ಅನ್ನುದೇ ದೊಡ್ಡ ಪ್ರಶ್ನೆ. ನಮ್ಮಲ್ಲಿ ರಾತ್ರಿ ಊಟದ ಮೊದಲು ಮಕ್ಕಳಿಬ್ಬರೂ ನನ್ನ ಹತ್ರ, ಆ ಹೊತ್ತು ಹೆಂಡತಿಯದ್ದು, ಬಾಗಿಲು ಹಾಕಿ ಮಾಡ್ತಿದ್ಲು. ಅತ್ತರೆ ನಾನೇ ನೋಡುದು, ಕರೀಲಿಕ್ಕಿಲ್ಲ ಅಂತ ಮಾಡಿದ್ದೆವು. ಮತ್ತೆ ನೀರಿನ ಬಕೆಟ್, ಗ್ಯಾಸ್ ಸಿಲಿಂಡರ್, ಒದ್ದೆ ಬಟ್ಟೆಯ ಬುಟ್ಟಿ, ಇದೆಲ್ಲ ಎತ್ತುದು ಗಂಡನ ಕೆಲಸ ಮಾರ್ರೆ, ನಿಮ್ಮ ಮನೆಯವರಿಗೆ ಈ ಥ್ರೆಡ್ ತೋರಿಸಿ ಬೇಕಾದ್ರೆ.

ಸುರತ್ಕಲ್ ಅಮ್ಮ:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್, ದೊಡ್ಡಮ್ಮನ ಮಾತು ಓದಿ ಕಣ್ಣಲ್ಲಿ ನೀರು ಬಂತು. ಮಕ್ಕಳು ಮಲಗಿದಾಗ ಬೆರಳಿಟ್ಟು ನೋಡಿದೆ, ಹೊಕ್ಕುಳಿನ ಹತ್ರ ಮೂರು ಬೆರಳು ಆರಾಮಲ್ಲಿ ಹೋಗ್ತದೆ, ಮೇಲೆ ಎರಡು, ಕೆಳಗೆ ಒಂದೂವರೆ ಅಷ್ಟೇ. ನಡುವೆ ಮೆತ್ತಗೆ ಉಂಟು. ಇವರಿಗೆ ಓದ್ಲಿಕ್ಕೆ ಕೊಟ್ಟೆ, ನಾಳೆಯಿಂದ ಸಂಜೆ ಮಕ್ಕಳು ನನ್ನ ಹತ್ರ ಅಂದ್ರು. ಇನ್ನು ಎರಡು ಡೌಟ್. ಹೊಕ್ಕುಳು ಸ್ವಲ್ಪ ಹೊರಗೆ ಉಬ್ಬಿದ ಹಾಗೆ ಕಾಣ್ತದೆ, ನೋವಿಲ್ಲ, ಅದು ಹರ್ನಿಯಾವಾ? ಮತ್ತೆ ಕೆಲವರು ಆಪರೇಶನ್ ಮಾಡಿಸಿದ್ರೆ ಒಂದೇ ಸಲಕ್ಕೆ ಸರಿ ಆಗ್ತದೆ ಅಂತಾರೆ, ಅದು ಹೌದಾ?

ಫಿಸಿಯೋ ಕಂಕನಾಡಿ:

ಮೂರು ಬೆರಳು ಅಂದ್ರೆ ಹೆದರುವಂಥದ್ದಲ್ಲ, ಕೆಲಸ ಮಾಡಿದ್ರೆ ತುಂಬಾ ಸುಧಾರಿಸ್ತದೆ. ಹೊಕ್ಕುಳಿನ ಉಬ್ಬು ಹರ್ನಿಯಾ ಹೌದೋ ಅಲ್ಲವೋ ಅನ್ನುದು ಕೈಯಲ್ಲಿ ಮುಟ್ಟಿ ನೋಡದೆ ಹೇಳ್ಲಿಕ್ಕೆ ಆಗುದಿಲ್ಲ, ವ್ಯಾಯಾಮ ಜೋರು ಮಾಡುವ ಮೊದಲು ಡಾಕ್ಟರಿಗೆ ತೋರಿಸಿ, ಬೇಕಿದ್ರೆ ಸ್ಕ್ಯಾನಿಂಗ್ ಬರ್ಕೊಡ್ತಾರೆ. ಉಬ್ಬು ಇದ್ದಕ್ಕಿದ್ದಂತೆ ಗಟ್ಟಿ ಆಗಿ ನೋವು ಬಂದ್ರೆ, ಕೆಂಪಾದ್ರೆ, ಒತ್ತಿದ್ರೂ ಒಳಗೆ ಹೋಗದಿದ್ರೆ, ವಾಂತಿ ಬಂದ್ರೆ, ಆಗ ಬೆಳಗಾಗುವವರೆಗೆ ಕಾಯ್ಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.

ಆಪರೇಶನ್ ಉಂಟು, ಅಗಲವಾದ ಗ್ಯಾಪ್ ಹೊಲಿದು ಜಾಸ್ತಿ ಚರ್ಮ ತೆಗೀತಾರೆ, ಹರ್ನಿಯಾ ಇದ್ರೆ ಅದನ್ನೂ ಸರಿ ಮಾಡ್ತಾರೆ. ಆದ್ರೆ ಅದು ದೊಡ್ಡ ಶಸ್ತ್ರಚಿಕಿತ್ಸೆ, ಆಮೇಲೆ ಎಷ್ಟೋ ವಾರ ಮಕ್ಕಳನ್ನು ಎತ್ತುವ ಹಾಗಿಲ್ಲ, ಇನ್ನೊಂದು ಮಗು ಬೇಕು ಅಂತ ಇದ್ದವರಿಗೆ, ಹಾಲು ಕೊಡ್ತಾ ಇರುವವರಿಗೆ ಈಗಲೇ ಮಾಡುದಿಲ್ಲ. ಮೊದಲು ವ್ಯಾಯಾಮ ಸರಿಯಾಗಿ ಮಾಡಿ ನೋಡಿ, ಒಂದು ವರ್ಷ ಕಳೆದ ಮೇಲೂ ತೊಂದರೆ ಉಳಿದ್ರೆ ಆಗ ಸರ್ಜನ್ ಹತ್ರ ಮಾತಾಡಿದ್ರೆ ಸಾಕು.

ಮಂಗಳೂರಲ್ಲಿ ಫಾದರ್ ಮುಲ್ಲರ್, ಕೆಎಂಸಿ, ಹೀಗೆ ದೊಡ್ಡ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗ ಉಂಟು, ಉಡುಪಿ ಕಡೆಯವರಿಗೆ ಮಣಿಪಾಲ ಹತ್ತಿರ. ಫೋನ್ ಮಾಡುವಾಗಲೇ ಹೆರಿಗೆ ನಂತರದ ಹೊಟ್ಟೆ ಮತ್ತೆ ಪೆಲ್ವಿಕ್ ಫ್ಲೋರ್ ನೋಡುವವರು ಯಾವ ದಿನ ಇರ್ತಾರೆ ಅಂತ ಕೇಳಿ, ಎಲ್ಲ ಫಿಸಿಯೋಗಳೂ ಅದನ್ನು ನೋಡುದಿಲ್ಲ. ಅಲ್ಲಿಯವರೆಗೆ ಹಾಸಿಗೆಯಿಂದ ಸೀದಾ ಎದ್ದು ಕೂರ್ಬೇಡಿ, ಮೊದಲು ಒಂದು ಬದಿಗೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ. ಮಗು ಎತ್ತುವಾಗ ಮೊಣಕಾಲು ಬಗ್ಗಿಸಿ ಮಗುವನ್ನು ಎದೆಗೆ ಹತ್ತಿರ ತಂದು ಉಸಿರು ಬಿಡ್ತಾ ಎತ್ತಿ, ಇಬ್ಬರನ್ನೂ ಒಟ್ಟಿಗೆ ಎತ್ತುದು ಸದ್ಯಕ್ಕೆ ಬೇಡ. ತೋರಿಸ್ಲಿಕ್ಕೆ ಹೋಗುವಾಗ ಡಿಸ್ಚಾರ್ಜ್ ಸಮರಿ ತಗೊಂಡು ಹೋಗಿ, ಸಡಿಲ ಬಟ್ಟೆ ಹಾಕ್ಕೊಳ್ಳಿ, ಮಕ್ಕಳನ್ನು ಬಿಟ್ಟು ಹೋಗ್ಲಿಕ್ಕೆ ಜನ ಇಲ್ಲದಿದ್ರೆ ಕರ್ಕೊಂಡೇ ಹೋಗಿ, ನೀವು ಅವರನ್ನು ಹೇಗೆ ಎತ್ತುದು, ಹೇಗೆ ಕೂತು ಹಾಲು ಕೊಡುದು ಅಂತ ಅಲ್ಲೇ ನೋಡಿ ತಿದ್ದಿಕೊಡ್ಲಿಕ್ಕೆ ಆಗ್ತದೆ.