ಅಪ್‌ಡೇಟ್: ಬೇಸಿಗೆಯ ಕ್ರಿಕೆಟ್ ಇಂಟರ್ನ್‌ಶಿಪ್ ಬಿಡಲಿಲ್ಲ

ಬೆಂಗಳೂರಿನ ಕ್ರಿಕೆಟ್ ಅಕಾಡೆಮಿಯೊಂದರಲ್ಲಿ ಸ್ಕೋರಿಂಗ್ ಇಂಟರ್ನ್ ಆಗಿ ಸೇರಿ, ಭತ್ಯೆಯೂ ಇಲ್ಲದೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲಿನಲ್ಲಿ ದುಡಿಯುತ್ತಿದ್ದೇನೆ, ನಡುವೆಯೇ ಬಿಡಲೇ ಎಂದು ಕಳೆದ ಏಪ್ರಿಲ್‌ನಲ್ಲಿ ಕೇಳಿದ್ದೆ. ಬಿಟ್ಟುಬಿಡಿ ಎಂದವರೇ ಹೆಚ್ಚು. ನಾನು ಬಿಡಲಿಲ್ಲ, ಅದಕ್ಕೆ ಕಾರಣ ಕೆಲಸವಲ್ಲ, ಜೊತೆಗಿದ್ದ ಇಬ್ಬರು.

ಒಂದು ಮಧ್ಯಾಹ್ನ ಬ್ಯಾಟರ್‌ಗಳ ಲೆಕ್ಕಕ್ಕೂ ಬೌಲರ್‌ಗಳ ಲೆಕ್ಕಕ್ಕೂ ಒಂದು ರನ್ ತಾಳೆಯಾಗದೆ, ಕೋಚ್ ಎಲ್ಲರೆದುರು ನನ್ನನ್ನು ಗದರಿದರು. ಶಾಮಿಯಾನದ ನೆರಳಿನಲ್ಲಿ ಕುಳಿತು ಹುಬ್ಬಳ್ಳಿಯ ಗೆಳತಿ ಒಂದೊಂದೇ ಎಸೆತವನ್ನು ಓದುತ್ತಾ ಹೋದಂತೆ, ಮಂಡ್ಯದ ಗೆಳೆಯ ಬೆರಳಿಟ್ಟು ತಪ್ಪನ್ನು ಹಿಡಿದ: 23ನೇ ಓವರಿನ ಲೆಗ್ ಬೈ ಒಂದನ್ನು, ಅಂದರೆ ಚೆಂಡು ಬ್ಯಾಟಿಗೆ ತಾಗದೆ ಬ್ಯಾಟರ್‌ನ ಮೈಗೆ ತಾಗಿ ಹೋದಾಗ ಓಡಿದ ರನ್ನನ್ನು, ನಾನು ಬೌಲರ್ ಖಾತೆಗೆ ಸೇರಿಸಿದ್ದೆ. ವೈಡ್, ನೋಬಾಲ್‌ಗಳು ಬೌಲರ್ ತಲೆಗೆ ಬರುತ್ತವೆ, ಬೈ (ಚೆಂಡು ಬ್ಯಾಟಿಗೂ ಮೈಗೂ ತಾಗದೆ ಹೋದಾಗ ಬಂದ ರನ್) ಮತ್ತು ಲೆಗ್ ಬೈಗಳು ಬರುವುದಿಲ್ಲ ಎಂಬುದನ್ನು ಆಮೇಲೆ ಎಂದೂ ಮರೆತಿಲ್ಲ.

ಪ್ರಮಾಣಪತ್ರ ತಡವಾಗಿ ಬಂತು, ಅದರಲ್ಲೂ ನನ್ನ ಹೆಸರು ತಪ್ಪು. ಆದರೆ ಮೂವರೂ ಬೇರೆ ಬೇರೆ ಊರುಗಳಲ್ಲಿದ್ದರೂ, ಯಾರಾದರೊಬ್ಬರು ಸ್ಕೋರ್‌ಶೀಟಿನ ಚಿತ್ರ ಕಳಿಸಿ 'ಆ ಒಂದು ರನ್ ಎಲ್ಲಿ?' ಎಂದು ಕೇಳದೆ ನಮ್ಮ ಭಾನುವಾರ ಮುಗಿಯುವುದಿಲ್ಲ. ಕಳೆದ ತಿಂಗಳು ಗೆಳತಿಯ ಅಕ್ಕನ ಮದುವೆಗೆ ಹುಬ್ಬಳ್ಳಿಗೆ ಹೋದಾಗ, ಮುಯ್ಯಿ ಬರೆದುಕೊಳ್ಳುವ ಕೆಲಸವನ್ನು ನನಗೇ ಒಪ್ಪಿಸಿದರು. ಈ ಬಾರಿ ಲೆಕ್ಕ ತಾಳೆಯಾಯಿತು.