ಅಪ್‌ಡೇಟ್: ಬಂಡೆಗೆ ಸಿಕ್ಕಿಕೊಳ್ಳುತ್ತಿದ್ದ ಗಾಳ

ಬಂಡೆ ತುಂಬಿದ ದಡದಲ್ಲಿ ಗಾಳ, ಸೀಸದ ಗುಂಡು ಎಲ್ಲ ಸಿಕ್ಕಿಕೊಂಡು ಕಳೆದುಹೋಗುತ್ತಿವೆ, ಕಚ್ಚಿದ ಮೀನೂ ತಪ್ಪಿಸಿಕೊಳ್ಳುತ್ತಿದೆ ಎಂದು ಕೇಳಿದ್ದೆನಲ್ಲ, ಕೊನೆಗೂ ದಾರಿ ಸಿಕ್ಕಿತು.

ಕೈಹಿಡಿದದ್ದು ತೆಳು ದಾರದ ಸಲಹೆ. ಗುಂಡನ್ನು ಮಾತ್ರ ಮುಖ್ಯ ದಾರದ ಅರ್ಧದಷ್ಟೇ ಬಲವಿರುವ ಗೇಣುದ್ದದ ತುಂಡಿಗೆ ಕಟ್ಟಿದೆ. ಸಿಕ್ಕಿಕೊಂಡರೆ ಅದೊಂದೇ ಪಟ್ ಅಂತ ಕಡಿಯುತ್ತದೆ. ಗಾಳವೂ ಮೀನೂ ಉಳಿಯುತ್ತವೆ. ಜೋರಾಗಿ ಮಾತ್ರ ಬೀಸಬೇಡಿ, ಗುಂಡು ಕಿತ್ತು ಹಾರಿದರೆ ಯಾರಿಗಾದರೂ ತಗಲೀತು. ಮೂರರ ಬದಲು ಒಂದೇ ಗಾಳ ಕಟ್ಟಿದ್ದೂ ಒಳ್ಳೆಯದಾಯಿತು.

ದಪ್ಪ ದಾರ ಉಪಯೋಗಕ್ಕೆ ಬರಲಿಲ್ಲ. ಬಂಡೆಯ ಅಂಚಿಗೆ ಉಜ್ಜಿ ಅದೂ ಹರಿಯಿತು.

ಆಶ್ಚರ್ಯವಾಗಿದ್ದು ಇದು: ಮೀನೊಂದು ಸಂದಿಗೆ ನುಗ್ಗಿದಾಗ ಎಳೆದಾಡದೆ, ದಾರ ಸಡಿಲ ಬಿಟ್ಟು ಸುಮ್ನೆ ಕೂತೆ. ಎರಡು ಮೂರು ನಿಮಿಷಕ್ಕೆ ದಾರ ಮೆಲ್ಲಗೆ ಪಕ್ಕಕ್ಕೆ ಸರಿಯಿತು. ತಕ್ಷಣ ಕೋಲು ಎತ್ತಿ, ಎಲ್ಲೂ ನಿಲ್ಲಿಸದೆ ರೀಲ್ ಸುತ್ತಿದೆ. ಮೀನು ಬಂತು!